ಎರಡಿಂಚು ಎತ್ತರವಾದ ಜೀಪು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ನಮ್ಮ ವೃತ್ತಿಯವರಿಗೆ ಅಷ್ಟು ಸುಲಭವಲ್ಲ. ಹೊಸಪೇಟೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಮಕ್ಕಳು ಕೇಳಬಾರದ ಪ್ರಶ್ನೆ ಕೇಳಿದಾಗ "ಅದು ಮುಂದಿನ ವರ್ಷದ ಪಾಠದಾಗ ಬರತೈತಿ, ಕುಂದ್ರು" ಎಂದು ಕೂರಿಸುವ ವಿದ್ಯೆ ನನಗೆ ಚೆನ್ನಾಗಿ ಸಿದ್ಧಿಸಿದೆ. ಹತ್ತನೇ ತರಗತಿಯವರ ಹತ್ತಿರ ಮಾತ್ರ ಇದು ನಡೆಯುವುದಿಲ್ಲ. ಅವರಿಗೆ ನಮ್ಮ ಶಾಲೆಯಲ್ಲಿ ಮುಂದಿನ ವರ್ಷವೆಂಬುದೇ ಇರುವುದಿಲ್ಲ. ಆದರೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ. ಚೆನ್ನಾಗಿ ಗೊತ್ತಿರುವುದನ್ನು ಏನೇನೂ ಗೊತ್ತಿಲ್ಲದವನ ಹಾಗೆ ಮುಖ ಮಾಡಿಕೊಂಡು, ಒಂದೇ ಸೂರಿನಡಿ ಹೆಂಡತಿ ಮತ್ತು ಮಾವನ ಎದುರು ವಾರಗಟ್ಟಲೆ ಓಡಾಡುವುದು. ಹೋದ ವರ್ಷ ನಾನು ಅದನ್ನು ಮಾಡಿದೆ. ಅದಕ್ಕೆ ಕಾರಣವಾದದ್ದು ನಮ್ಮ ಮನೆಯ ಜೀಪು.

ಜೀಪು ನನ್ನದಲ್ಲ, ನನ್ನ ಮಾವ ಕೊಟ್ರಪ್ಪನವರದು. ಅವರು ಯಶವಂತನಗರದ ಕಡೆ ಗಣಿಯಲ್ಲಿ ಮೂವತ್ತು ವರ್ಷ ಡ್ರೈವರ್ ಆಗಿದ್ದವರು. ನಿವೃತ್ತರಾದಾಗ, ತಾವು ಓಡಿಸುತ್ತಿದ್ದ ಜೀಪನ್ನೇ ಕಂಪನಿಯಿಂದ ಕೇಳಿ ಪಡೆದು ಮನೆಗೆ ತಂದರು. ಆಮೇಲೆ ಅವರ ಕಣ್ಣು ಮಂದವಾಗುತ್ತಾ ಬಂತು. ಈಗ ಎದುರಿಗೆ ಯಾರೋ ನಿಂತಿದ್ದಾರೆ ಎಂಬುದಷ್ಟು ಕಾಣುತ್ತದೆ. ಯಾರೆಂದು ತಿಳಿಯಬೇಕಾದರೆ ನಿಂತವರು ಮಾತಾಡಬೇಕು. ಐದು ವರ್ಷದ ಹಿಂದೆ ಅವರು ನಮ್ಮ ಮನೆಗೇ ಬಂದು ಇರತೊಡಗಿದಾಗ ಜೊತೆಗೆ ಜೀಪೂ ಬಂತು. ಬೀಗದ ಕೈ ನನಗೆ ಕೊಡುವಾಗ ಅವರು ಹೇಳಿದ್ದು ಇಷ್ಟೇ: "ಅಳೇರ, ಇದು ಗುಡ್ಡ ಹತ್ತಿದ ಗಾಡಿ. ಕಲ್ಲು, ಕೆಸರು, ಏನರ ಕೊಡ್ರಿ, ತಿಂತೈತಿ. ಡಾಂಬರ್ ರಸ್ತ್ಯಾಗ ಮಾತ್ರ ಐವತ್ತರ ಮ್ಯಾಲೆ ಹೊಡೀಬ್ಯಾಡ್ರಿ. ಇದರ ಮೈಕಟ್ಟು ಅದಕ್ಕಲ್ಲ." ನಾನು ತಲೆಯಾಡಿಸಿದೆ. ಅವರಿಗೆ ಕಾಣಲಿಲ್ಲವೆಂದು ನೆನಪಾಗಿ "ಆತ್ರಿ ಮಾವಾರ" ಎಂದೆ. ಅಂದಿನಿಂದ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು, ಕೈಯಿಂದ ತಡವಿ ತಡವಿ ಜೀಪನ್ನು ಒರೆಸುವುದು, ಸಂಜೆ ನಿಂತ ಜೀಪಿನ ಡ್ರೈವರ್ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತು ಚಹಾ ಕುಡಿಯುವುದು ಅವರ ನಿತ್ಯದ ಪದ್ಧತಿಯಾಯಿತು. ಚಕ್ರಗಳ ಹತ್ತಿರದ ಕೀಲುಗಳಿಗೆ ಗ್ರೀಸ್ ಹಚ್ಚುವುದೂ ಅವರದೇ ಕೆಲಸ. ಆ ಕೆಲಸಕ್ಕೆ ಕಣ್ಣು ಬೇಕಾಗಿಲ್ಲ ಎನ್ನುತ್ತಿದ್ದರು.

ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಕೆಟ್ಟದ್ದು ನನ್ನ ಐವತ್ತೊಂದನೆಯ ವಯಸ್ಸಿನಲ್ಲಿ. ಭಾನುವಾರ ಬೆಳಿಗ್ಗೆ ಹಂಪಿಗೆ ಹೋಗುವ ದಾರಿಯಲ್ಲಿ, ಕಮಲಾಪುರದ ಒಂದು ಹೋಟೆಲಿನ ಮುಂದೆ ಜೀಪಿರುವ ನಾಲ್ಕೈದು ಜನ ಸೇರಿ ಇಡ್ಲಿ ತಿನ್ನುತ್ತೇವೆ. ಇಡ್ಲಿ ಎಲ್ಲಿಯಾದರೂ ಸಿಗುತ್ತದೆ. ಅಲ್ಲಿ ಸೇರುವುದು ಪ್ರವಾಸಿಗರು ನಿಂತು ಜೀಪು ನೋಡುತ್ತಾರೆಂದು. ಉಳಿದವರ ಜೀಪುಗಳೆಲ್ಲ ಎತ್ತರಕ್ಕೆ ಎದೆಯುಬ್ಬಿಸಿ ನಿಂತಿರುತ್ತಿದ್ದವು. ನಡುವೆ ನಮ್ಮದು ಕಾವಿಗೆ ಕೂತ ಕೋಳಿಯ ಹಾಗೆ. ಒಂದು ಭಾನುವಾರ ಯಾವುದೋ ಊರಿನ ಹುಡುಗಿಯರು ಬಂದು, ಒಂದೊಂದೇ ಜೀಪಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನಮ್ಮದರ ಹತ್ತಿರ ಬಂದಾಗ ಒಬ್ಬಳು ತನ್ನ ನೀರಿನ ಬಾಟಲಿಯನ್ನು ಬಾನೆಟ್ ಮೇಲಿಟ್ಟು, ಪಕ್ಕದ ಜೀಪಿಗೆ ಹೋದಳು. ಬಾಟಲಿ ಇಡಲು ಅನುಕೂಲವಾದ ಎತ್ತರ ಎಂಬುದು ನನಗೆ ಬಹಳ ನಾಟಿತು.

ಇಂಥ ಜೀಪುಗಳ ಮೈಯನ್ನು ಹೊತ್ತಿರುವುದು ಪಟ್ಟಿಪಟ್ಟಿಯಾಗಿ ಜೋಡಿಸಿದ ಕಮಾನು ಸ್ಪ್ರಿಂಗುಗಳು. ಆ ಕಮಾನಿನ ಒಂದು ತುದಿ ಜೋತು ಬಿದ್ದಿರುವುದು ಶಾಕಲ್ ಎಂಬ ಎರಡು ಕಬ್ಬಿಣದ ಪಟ್ಟಿಗಳಲ್ಲಿ. ಆ ಪಟ್ಟಿಯನ್ನು ಉದ್ದ ಮಾಡಿದರೆ ಜೀಪು ಎತ್ತರವಾಗುತ್ತದೆ. ಮಾವ ಬಂಡ್ರಿಯಲ್ಲಿರುವ ತಮ್ಮನ ಮನೆಗೆಂದು ಹೋದ ಎಂಟು ದಿನದಲ್ಲಿ ನಾನು ಲೇಥ್ ಅಂಗಡಿಯೊಂದಕ್ಕೆ ಹೋಗಿ ನಾಲ್ಕಿಂಚು ಹೆಚ್ಚು ಉದ್ದದ ಪಟ್ಟಿಗಳನ್ನು ಕತ್ತರಿಸಿ ಹಾಕಿಸಿದೆ. ನಾಲ್ಕಿಂಚಿಗೆ ಗಾಡಿ ಎರಡಿಂಚು ಎದ್ದಿತು. ನನ್ನ ಹೆಂಡತಿ ಗಿರಿಜಾ ಅಂಗನವಾಡಿಗಳ ಮೇಲ್ವಿಚಾರಕಿ, ದಿನವೂ ಹಳ್ಳಿ ಹಳ್ಳಿ ಸುತ್ತಿ ಲೋಪ ಹುಡುಕುವ ಕಣ್ಣು ಅವಳದು. ಸ್ಕೂಟಿ ನಿಲ್ಲಿಸಿದವಳೇ, "ರೀ, ಜೀಪ್ ಯಾಕ ಎತ್ರ ಕಾಣ್ತೈತಿ?" ಎಂದಳು.

"ಗಾಳಿ ಹೊಡಸೀನಿ" ಎಂದೆ.

ವಿಜ್ಞಾನದ ಮೇಷ್ಟ್ರು ಹೇಳಿದ್ದೆಂದು ಅವಳು ನಂಬಿದಳು. ಮಾವ ಬಂಡ್ರಿಯಿಂದ ವಾಪಸು ಬಂದರು. ಮರುದಿನ ಬೆಳಿಗ್ಗೆ ಜೀಪು ಒರೆಸಿ ಬಂದವರು ಅಡುಗೆಮನೆಯ ಬಾಗಿಲಲ್ಲಿ ಕೂತು, "ಗಿರಿಜಾ, ನಾನು ಗಿಡ್ಡ ಆಗಾಕ ಹತ್ತೀನೇನವಾ? ಬಾನೆಟ್ಟಿನ ನಡುವಿಗೆ ಕೈ ಎಟಕವಲ್ದು. ಹತ್ತಾಕ ಹೋದ್ರ ಮೊಣಕಾಲು ಹಿಡಿತಾವು" ಎಂದರು. ನಾನು ಉಪ್ಪಿಟ್ಟಿನಲ್ಲಿದ್ದ ಕರಿಬೇವನ್ನು ಹೆಕ್ಕುವುದರಲ್ಲಿ ಮಗ್ನನಾದೆ. ಗಿರಿಜಾ, "ವಯಸ್ಸಾದ್ರ ಎಲುಬು ಕುಗ್ಗತಾವಪ್ಪಾ" ಎಂದು ಅವರನ್ನು ಸಮಾಧಾನ ಮಾಡಿ, ಸಂಜೆ ಬರುವಾಗ ಸುಣ್ಣದಂಶದ ಮಾತ್ರೆ ತಂದಳು. ಹೀಗೆ ನಾನು ಜೀಪಿಗೆ ಪಟ್ಟಿ ಹಾಕಿಸಿದ್ದಕ್ಕೆ ನನ್ನ ಮಾವ ದಿನಕ್ಕೆ ಎರಡು ಹೊತ್ತು ಮಾತ್ರೆ ನುಂಗತೊಡಗಿದರು. ಆಗಲೇ ಹೇಳಬಹುದಿತ್ತು. ಆದರೆ ಮೊದಲ ಮಾತ್ರೆ ನುಂಗುವ ಮುಂಚೆ ಹೇಳದ ಮೇಲೆ, ಹತ್ತನೆಯ ಮಾತ್ರೆಯಾದ ಮೇಲೆ ಹೇಳುವುದು ಹೇಗೆ?

ಜೀಪು ಮೊದಲು ನಡುಗಿದ್ದು ಒಂದು ಶನಿವಾರ, ನಾಲ್ಕು ಪಥದ ಹೆದ್ದಾರಿಯಲ್ಲಿ ನಾನೊಬ್ಬನೇ ಹೋಗುವಾಗ. ವೇಗದ ಮುಳ್ಳು ಐವತ್ತೈದಕ್ಕೆ ಬಂತು. ರಸ್ತೆಯಲ್ಲೊಂದು ಸಣ್ಣ ಉಬ್ಬು. ಅದರ ಮೇಲೆ ಹಾದದ್ದೇ ಸ್ಟೇರಿಂಗು ಗಡಗಡ ಅಲುಗಿ, ನಾನು ನಿಧಾನ ಮಾಡಿದ ಮೇಲೆ ಸುಮ್ಮನಾಯಿತು. ಮೈ ಬೆವರಿತು ನಿಜ. ಆದರೆ ಬೆವರು ಆರುವ ಮೊದಲೇ ನನಗೆ ಒಂದು ಪದ ಹೊಳೆಯಿತು: ಅನುರಣನೆ. ಪ್ರತಿ ವಸ್ತುವಿಗೂ ತನ್ನದೇ ಆದ ಒಂದು ಕಂಪನದ ಲಯವಿರುತ್ತದೆ, ಹೊರಗಿನ ತಟ್ಟು ಅದೇ ಲಯಕ್ಕೆ ಕೂಡಿದರೆ ಅಲುಗಾಟ ಹೆಚ್ಚುತ್ತ ಹೋಗುತ್ತದೆ ಎಂದು ಪ್ರತಿ ವರ್ಷ ಉಯ್ಯಾಲೆಯ ಚಿತ್ರ ಬರೆದು ವಿವರಿಸುತ್ತೇನೆ. ಹೆಸರು ಸಿಕ್ಕಿತೆಂದರೆ ರೋಗ ಅರ್ಧ ವಾಸಿಯಾದಂತೆ ನಮಗೆಲ್ಲ ಅನ್ನಿಸುತ್ತದಲ್ಲ, ನನಗೂ ಹಾಗೇ ಅನ್ನಿಸಿತು. ಐವತ್ತೈದು ಈ ಗಾಡಿಯ ಲಯ. ಸರಿ, ಐವತ್ತೈದರಲ್ಲಿ ನಿಲ್ಲಬಾರದು ಅಷ್ಟೇ. ಅದನ್ನು ಬೇಗ ದಾಟಿ ಅರವತ್ತೈದಕ್ಕೆ ಹೋದರೆ ತಾನಾಗಿಯೇ ಶಾಂತವಾಗುತ್ತದೆ. ಪುಸ್ತಕದ ಪ್ರಕಾರ ಇದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಇದನ್ನು ಪರೀಕ್ಷಿಸಲು ನಾನು ಆರಿಸಿಕೊಂಡ ಜಾಗ ಕಂಪ್ಲಿ ರಸ್ತೆ. ಆರಿಸಿಕೊಂಡ ದಿನ, ಹೆಂಡತಿ ಮತ್ತು ಮಾವ ಇಬ್ಬರೂ ಗಾಡಿಯಲ್ಲಿದ್ದ ದಿನ.

ಕಂಪ್ಲಿಯಲ್ಲಿ ಗಿರಿಜಾಳ ತಂಗಿಯ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮವಿತ್ತು. ಮಾವ ನನ್ನ ಎಡಗಡೆ ಕೂತಿದ್ದರು. ಗಿರಿಜಾ ಹಿಂದಿನ ಅಡ್ಡ ಸೀಟಿನಲ್ಲಿ, ಮಡಿಲಲ್ಲಿ ಶೇಂಗಾ ಉಂಡೆಯ ಡಬ್ಬಿ. ಎಡಕ್ಕೆ ಕಾಲುವೆ ತುಂಬಿ ಹರಿಯುತ್ತಿತ್ತು, ಆಚೆ ನಾಟಿ ಮಾಡಿದ ಭತ್ತದ ಗದ್ದೆ. ದಾರಿ ನೇರವಾಗಿತ್ತು. ಎದುರಿಗೆ, ಸಾಕಷ್ಟು ದೂರದಲ್ಲಿ ಒಂದು ಟ್ರ್ಯಾಕ್ಟರ್ ಬರುತ್ತಿತ್ತು. ನಾನು ಆ್ಯಕ್ಸಿಲರೇಟರ್ ಒತ್ತಿದೆ. ಮಾವ ಕಿವಿ ನಿಮಿರಿಸಿ, "ಅಳೇರ, ಐವತ್ತು ದಾಟಿತು" ಎಂದರು. ಎಂಜಿನ್ನಿನ ದನಿಯಲ್ಲೇ ಅವರಿಗೆ ವೇಗ ತಿಳಿಯುತ್ತದೆ. "ಒಂದು ಸಲ ಅರವತ್ತೈದು ಮುಟ್ಟಿದ್ರ ಸರಿ ಆಕ್ಕೈತ್ರಿ" ಎಂದೆ. ಏನು ಸರಿಯಾಗಬೇಕು ಎಂದು ಅವರು ಕೇಳುವಷ್ಟರಲ್ಲಿ ಮೋರಿಯ ಮೇಲಿನ ಉಬ್ಬು ಬಂತು.

ಆಮೇಲೆ ನಡೆದದ್ದನ್ನು ಸರಿಯಾಗಿ ಹೇಳಲಾರೆ. ಸ್ಟೇರಿಂಗು ನನ್ನ ಕೈಯಿಂದ ಕಿತ್ತುಕೊಳ್ಳುವಂತೆ ಎಡಕ್ಕೂ ಬಲಕ್ಕೂ ಒದೆಯತೊಡಗಿತು. ಮುಂದಿನ ಗಾಲಿಗಳೆರಡೂ ಸೇರಿ ಇಡೀ ಜೀಪನ್ನು ಹಿಡಿದು ಜಾಡಿಸುತ್ತಿರುವ ಹಾಗೆ. ಬಾಗಿಲು, ಗಾಜು, ನನ್ನ ಹಲ್ಲು ಎಲ್ಲ ಕಟಕಟ ಎನ್ನುತ್ತಿದ್ದವು. ಹಿಂದಿನಿಂದ ಗಿರಿಜಾ ಕೂಗಿದಳು. ನನ್ನ ಬಲಗಾಲು ಬ್ರೇಕನ್ನು ಒದೆಯಿತು. ಜೀಪು ಕಾಲುವೆಯ ಕಡೆಗೆ ತಿರುಗಿತು.

"ಬ್ರೇಕ್ ಬಿಡ್ರಿ" ಎಂದರು ಮಾವ. ಅವರು ಕೂಗಲೂ ಇಲ್ಲ. "ಕಾಲು ಎತ್ರಿ ಮ್ಯಾಲಕ್ಕ. ಸ್ಟೇರಿಂಗ್ ಸಂಗಾಟ ಗುದ್ದಾಡಬ್ಯಾಡ್ರಿ. ಹಿಡಕೊಂಡಿರ್ರಿ, ಅಷ್ಟ ಸಾಕು. ಗಾಡಿ ತಾನ ಸುಮ್ಮನಾಕ್ಕೈತಿ."

ಕಾಲು ಎತ್ತಿದೆ. ಜೀಪು ನಡುಗುತ್ತಲೇ ನಿಧಾನವಾಯಿತು. ಐವತ್ತು, ನಲವತ್ತು, ಮೂವತ್ತು. ಇಪ್ಪತ್ತಕ್ಕೆ ಬಂದಾಗ ಎಲ್ಲ ಒಮ್ಮೆಗೇ ನಿಂತಿತು. ಮೆಲ್ಲಗೆ ಬ್ರೇಕ್ ಒತ್ತಿ ನಿಲ್ಲಿಸಿದೆ. ಎಡಗಾಲಿಯಿಂದ ಕಾಲುವೆಯ ಅಂಚಿಗೆ ಒಂದು ಮೊಳ ಉಳಿದಿತ್ತು. ಹಿಂದೆ ತಿರುಗಿ ನೋಡಿದರೆ ಗಿರಿಜಾಳ ಕೈಯಲ್ಲಿ ಖಾಲಿ ಡಬ್ಬಿ, ಸುತ್ತಲೂ ಉಂಡೆಗಳು. ಅವಳ ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ಟ್ರ್ಯಾಕ್ಟರಿನವನು ನಿಲ್ಲಿಸಿ, ಇಳಿದು ಬಂದ. "ಲೇ, ಮುಂಜಾನೆ ಮುಂಜಾನೆ ಕುಡದು ಹೊಡಿತಿಯೇನಲೇ?" ಎಂದು ಹತ್ತಿರ ಬಂದವನು ನನ್ನ ಮುಖ ನೋಡಿ ತಡೆದು, "ಅಯ್ಯ, ಸರ್! ನೀವೇನ್ರಿ?" ಎಂದ. ನನ್ನ ಹಳೆಯ ವಿದ್ಯಾರ್ಥಿ. ಜೀಪು ನಡುಗಿದ ಬಗೆ ಕೇಳಿ, "ಅನುರಣನೆ ಇರಬೇಕಲ್ರಿ ಸರ್?" ಎಂದು ಬಹಳ ವಿನಯದಿಂದ ಕೇಳಿದ. ನನ್ನ ಪಾಠ ಒಬ್ಬನ ತಲೆಯಲ್ಲಾದರೂ ಉಳಿದದ್ದನ್ನು ಕಂಡು ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಕಂಪ್ಲಿಗೆ ಮೂವತ್ತರಲ್ಲಿ ಹೋಗಿ ಮೂವತ್ತರಲ್ಲಿ ವಾಪಸು ಬಂದೆವು. ಮನೆಗೆ ಬಂದು ಊಟಕ್ಕೆ ಕೂತಾಗ ಗಿರಿಜಾ, "ಅಪ್ಪಾ, ಈ ಗಾಡಿ ಸಾಕು. ಹಳೇದಾತು. ಕೊಟ್ಟುಬಿಡೂಣು" ಎಂದಳು. ಮಾವ ವಾದಿಸಬಹುದೆಂದು ನಾನು ಕಾದೆ. ಅವರು ರೊಟ್ಟಿ ಮುರಿದವರು ಅದನ್ನು ತಟ್ಟೆಯಲ್ಲೇ ಬಿಟ್ಟು ಹೇಳಿದರು: "ತಪ್ಪು ನಂದವಾ. ಗಾಲಿ ತಿರುಗೋ ಕಡೆ ಕಿಂಗ್‌ಪಿನ್ ಅಂತ ಇರತೈತಿ, ಅದಕ್ಕ ಗ್ರೀಸ್ ಹಚ್ಚೋದು ನನ್ನ ಕೆಲಸ. ಕೈಗೆ ಗೊತ್ತಾಕ್ಕೈತಿ ಅಂದ್ಕೊಂಡಿದ್ದೆ. ಗೊತ್ತಾಗಿಲ್ಲ, ಸವದೈತಿ. ಕಣ್ಣು ಹೋದ್ವು, ಈಗ ಕೈನೂ ಹೋತು. ನಿಮ್ಮಿಬ್ಬರನ್ನೂ ಕಾಲುವ್ಯಾಗ ಹಾಕತಿದ್ದೆ. ಗುಜರಿಗೆ ಹಾಕ್ರಿ ಅಳೇರ, ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ." ಮರುದಿನ ಬೆಳಿಗ್ಗೆ ಅವರು ಜೀಪು ಒರೆಸಲಿಲ್ಲ. ಸಂಜೆ ಚಹಾವನ್ನು ಒಳಗೇ ಕುಡಿದರು. ಮೂರನೆಯ ದಿನವೂ ಹಾಗೆಯೇ. ಅಂಗಳದಲ್ಲಿ ಜೀಪಿನ ಮೇಲೆ ಧೂಳು ಕೂತಿತು.

ಗುಜರಿಗೆ ಹಾಕುವ ಮುಂಚೆ ಒಮ್ಮೆ ತೋರಿಸೋಣವೆಂದು ಮನೆಯಲ್ಲಿ ಹೇಳಿ, ಜೀಪನ್ನು ಚಿತ್ತವಾಡ್ಗಿಯ ಹೊನ್ನೂರ್‌ಸಾಬ್ ಮೇಸ್ತ್ರಿಯ ಗ್ಯಾರೇಜಿಗೆ ಒಯ್ದೆ. ಮೊದಲು ಮಾವನ ಜೊತೆ ಗಣಿಯಲ್ಲೇ ಕೆಲಸ ಮಾಡಿದ ಮನುಷ್ಯ; ಮಾತು ಕಡಿಮೆ. ಮುಂದಿನ ಗಾಲಿಗಳನ್ನೆತ್ತಿ, ಹಿಡಿದು ಅಲ್ಲಾಡಿಸಿ, ಕೀಲುಗಳನ್ನು ಬಿಚ್ಚಿ ನೋಡಿದ. "ಕಿಂಗ್‌ಪಿನ್ ಸವದೈತಿ ಅಂದ್ರೇನ್ರಿ? ಬರ್ರಿ, ನೋಡ್ರಿ ಇಲ್ಲಿ. ಕೊಟ್ರಪ್ಪಾರ ಗ್ರೀಸ್ ಅಂದ್ರ ಗ್ರೀಸ್. ಹೊಸಾ ಗಾಡೀಗೂ ಹಿಂಗ ಇರಂಗಿಲ್ಲ" ಎಂದ. ಆಮೇಲೆ ಜೀಪಿನ ಕೆಳಗೆ ಮಲಗಿ ಮೇಲೆ ನೋಡಿ, ಅಲ್ಲಿಂದಲೇ ಕೇಳಿದ: "ಈ ಉದ್ದನ ಪಟ್ಟಿ ಯಾರು ಹಾಕಿದ್ರು ಮೇಷ್ಟ್ರ?"

"ನಾನ ಹಾಕಿಸೀನಿ" ಎಂದೆ. ಮೊದಲ ಬಾರಿಗೆ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು, ಒಂದು ಜೀಪಿನ ಕೆಳಗೆ ಕಾಣುತ್ತಿದ್ದ ಎರಡು ಪಾದಗಳಿಗೆ.

ಹೊನ್ನೂರ್‌ಸಾಬ್ ಹೊರಗೆ ಬಂದು ಗೋಡೆಗೆ ಒರಗಿಸಿದ್ದ ತನ್ನ ಸೈಕಲ್ಲನ್ನು ತಂದ. ಸೀಟು ಹಿಡಿದು ನೂಕಿದ; ಹ್ಯಾಂಡಲ್ ಯಾರೂ ಮುಟ್ಟದೆ ಸೈಕಲ್ ನೆಟ್ಟಗೆ ಹೋಯಿತು. "ಯಾಕ ನೆಟ್ಟಗ ಹೊಕ್ಕೈತ್ರಿ? ಮುಂದಿನ ಫೋರ್ಕ್ ನೋಡ್ರಿ, ಮ್ಯಾಲಿನ ತುದಿ ಹಿಂದಕ್ಕ ವಾಲೈತಿ. ಅದಕ್ಕ ಗಾಲಿ ತಾನ ಹಾದಿಗೆ ಬರತೈತಿ. ಜೀಪಿನ ಮುಂದಿನ ಆ್ಯಕ್ಸಲ್‌ಗೂ ಹಂಗ ಒಂದು ವಾಲು ಕೊಟ್ಟಿರತಾರ. ನೀವು ಮುಂದ ಉದ್ದನ ಪಟ್ಟಿ ಹಾಕಿದ್ರಿ, ಆ್ಯಕ್ಸಲ್ ಮುಂದಕ್ಕ ಹೊರಳಿ ವಾಲು ಹೋತು. ಗಾಲಿಗೆ ಹಾದಿ ನೆನಪಿಲ್ಲ ಈಗ. ಕಾರಿನ್ಯಾಗ ಒಂದೊಂದು ಗಾಲಿಗೆ ಒಂದೊಂದು ಕೈ ಇರತೈತಿ. ಇದರಾಗ ಎರಡೂ ಗಾಲಿ ಒಂದ ಕಬ್ಬಿಣದ ತೊಲಿಗೆ ಬಿಗದಾರ. ಒಂದು ನಡುಗಿದ್ರ ಇನ್ನೊಂದು ಬಿಡಂಗಿಲ್ಲ." ನಾನು ವಿದ್ಯಾರ್ಥಿಯಂತೆ ಕೈಕಟ್ಟಿ ನಿಂತಿದ್ದೆ. ಐವತ್ತೈದರ ಲಯವನ್ನು ಕಂಡುಹಿಡಿದ ನನಗೆ, ಅದನ್ನು ಎಬ್ಬಿಸಿ ಕೂರಿಸಿದವನು ನಾನೇ ಎಂಬುದು ಹೊಳೆದಿರಲಿಲ್ಲ. ಹೊಳೆದಿರಲಿಲ್ಲವೋ, ಹೊಳೆಯದಂತೆ ನೋಡಿಕೊಂಡಿದ್ದೆನೋ, ಈಗಲೂ ಖಚಿತವಿಲ್ಲ.

ಹಳೆಯ ಪಟ್ಟಿಗಳು ಜೀಪಿನ ಸಲಕರಣೆ ಡಬ್ಬಿಯಲ್ಲೇ ಇದ್ದವು. ಅವನ್ನು ಹಾಕಿ, ಬೋಲ್ಟು ಬಿಗಿಯುವ ಹೊತ್ತಿಗೆ ನಾನು ಕೇಳಬಾರದ್ದನ್ನು ಕೇಳಿದೆ. "ಮೇಸ್ತ್ರಿ, ಮಾವಾರು ಕೇಳಿದ್ರ ಕಿಂಗ್‌ಪಿನ್ ಬದಲಿ ಮಾಡೀನಿ ಅಂತ ಹೇಳ್ರಿ."

ಹೊನ್ನೂರ್‌ಸಾಬ್ ಪಾನೆಯನ್ನು ಕೆಳಗಿಟ್ಟು, ಬಟ್ಟೆಗೆ ಕೈ ಒರೆಸಿಕೊಂಡ. "ನನಗ ಮೊದಲ ಪಾನಾ ಹಿಡಿಯಾಕ ಕಲಿಸಿದವರು ಅವರು. ಅವರು ಗ್ರೀಸ್ ಸರಿ ಹಚ್ಚಿಲ್ಲ ಅಂತ ನನ್ನ ಬಾಯಾಗ ಹೇಳಸ್ತೀರೇನು ಮೇಷ್ಟ್ರ?" ಇಷ್ಟೇ ಹೇಳಿದ. ಬಿಚ್ಚಿದ ಉದ್ದ ಪಟ್ಟಿಗಳನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ.

ಅಂದು ಸರ್ಕಾರಿ ರಜೆ; ಮನೆಗೆ ಬಂದಾಗ ಬೆಳಿಗ್ಗೆ ಹನ್ನೊಂದು ಗಂಟೆ. ಗಿರಿಜಾ ಬಟ್ಟೆ ಮಡಚುತ್ತಿದ್ದಳು. ಮಾವ ಕುರ್ಚಿಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದರು. ನಾನು ರೇಡಿಯೋ ಆರಿಸಿದೆ. ಹೇಗೆ ಶುರು ಮಾಡಬೇಕೆಂದು ದಾರಿಯಲ್ಲಿ ಮೂರು ಬಗೆಯಲ್ಲಿ ಯೋಚಿಸಿಕೊಂಡು ಬಂದಿದ್ದೆ, ಮೂರೂ ಮರೆತುಹೋದವು. ಪಟ್ಟಿಗಳನ್ನು ಅವರ ಕೈಯಲ್ಲಿಟ್ಟೆ. ಅವರು ಬೆರಳಿನಿಂದ ಉದ್ದಕ್ಕೆ ಅಳೆದರು. ಒಂದು ಗೇಣಿಗಿಂತ ಮೇಲೆ ಹೋಯಿತು.

"ಶಾಕಲ್ ಇದು. ಇಷ್ಟು ಉದ್ದಂದು ಯಾವ ಗಾಡೀದು?"

"ನಮ್ಮದ ರೀ ಮಾವಾರ. ನೀವು ಬಂಡ್ರಿಗೆ ಹೋದಾಗ ಹಾಕಸಿದ್ದೆ. ನಡುಗಿದ್ದು ಇದಕ್ಕ. ಕಿಂಗ್‌ಪಿನ್ ಹೊಸದರಂಗ ಐತಂತ. ನಿಮ್ಮ ಕೈದು ಏನೂ ತಪ್ಪಿಲ್ಲ."

ಗಿರಿಜಾಳ ಮಡಚುವ ಕೈ ನಿಂತಿತು. ಮಾವ ಪಟ್ಟಿಯನ್ನು ಇನ್ನೊಮ್ಮೆ ಬೆರಳಿನಿಂದ ಅಳೆದರು. ಆಮೇಲೆ, "ಯಾಕ ಹಾಕಸಿದ್ರಿ?" ಎಂದರು.

"ಎತ್ರ ಕಾಣ್ಲಿ ಅಂತ."

"ಯಾರಿಗೆ?"

ಇದು ಮುಂದಿನ ವರ್ಷದ ಪಾಠದಲ್ಲಿ ಬರುತ್ತದೆ ಎಂದು ಹೇಳಲಾಗುವ ಪ್ರಶ್ನೆಯಲ್ಲ. ಬಾಟಲಿ ಇಟ್ಟ ಹುಡುಗಿಯ ಕಥೆಯನ್ನು ಐವತ್ತೊಂದರ ಅಳಿಯ ಎಪ್ಪತ್ತಾರರ ಮಾವನಿಗೆ ಹೇಗೆ ಹೇಳಬೇಕು? ಅವರು ಮುಖ ಎತ್ತಿ, ನನ್ನ ದನಿ ಬಂದ ಕಡೆಗೆ ತಿರುಗಿಸಿದರು. ಬೈಯುತ್ತಾರೆ, ಬೈಯಲಿ ಎಂದು ಕಾದೆ. "ಅಂದ್ರ," ಎಂದರು ಮೆಲ್ಲಗೆ, "ನಾನು ಗಿಡ್ಡ ಆಗಿಲ್ಲ?"

"ಇಲ್ರಿ ಮಾವಾರ."

"ಮೊಣಕಾಲು?"

"ಅವೂ ಸರಿ ಅದಾವ್ರಿ. ಗಾಡಿ ಎತ್ರ ಆಗಿತ್ತು."

ಅವರು ನಗಲಿಲ್ಲ. ಪಟ್ಟಿಗಳನ್ನು ಪಕ್ಕಕ್ಕಿಟ್ಟು, ಎರಡೂ ಅಂಗೈಗಳನ್ನು ಒಂದಕ್ಕೊಂದು ಉಜ್ಜಿಕೊಂಡರು, ಹೆಬ್ಬೆರಳಿನಿಂದ ಬೆರಳುಗಳ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಕಣ್ಣಲ್ಲಿ ನೀರು ಬಂದಿತ್ತು. ಆ ಕೈಗಳ ಮೇಲಿನ ನಂಬಿಕೆಯನ್ನು ಮೂರು ದಿನ ನಾನು ಕಸಿದುಕೊಂಡಿದ್ದೆ ಎಂಬುದು ನನಗೆ ಅರ್ಥವಾದದ್ದು ಆಗ. ಕಾಲುವೆಯ ಅಂಚಿನಲ್ಲಿ ಹೆದರಿದ್ದಕ್ಕಿಂತ ಹೆಚ್ಚು ಹೆದರಿಕೆ ಈಗ ಆಯಿತು. ತಪ್ಪಾಯಿತೆಂದೆ. "ಇರ್ಲಿ ಬಿಡ್ರಿ" ಎಂದವರು ಎದ್ದು, ಮೂಲೆಯಲ್ಲಿದ್ದ ಒರೆಸುವ ಬಟ್ಟೆಯನ್ನು ತಡಕಿ ಹುಡುಕಿ, ಹೊರಗೆ ಹೋದರು. ಗಿರಿಜಾ ನನ್ನನ್ನು ನೋಡಿ ಒಂದೇ ಮಾತು ಹೇಳಿದಳು: "ಗಾಳಿ ಹೊಡಸೀರಿ, ಅಲ್ಲ?" ಅದರ ನಂತರ ಎರಡು ದಿನ ಆಕೆ ನನ್ನ ಜೊತೆ ಮಾತಾಡಬೇಕಾದ್ದನ್ನೆಲ್ಲ ಅಪ್ಪನ ಮೂಲಕವೇ ಹೇಳಿಸಿದಳು.

ಆ ಭಾನುವಾರ ನಾನು ಕಮಲಾಪುರಕ್ಕೆ ಹೋಗಲಿಲ್ಲ. ಮಾವ ಸಂಡೂರಿಗೆ ಹೋಗಿ ಬರೋಣ ಎಂದರು; ಹೆದ್ದಾರಿ ಹಿಡಿದು, ಬಂಡ್ರಿಯ ಕಡೆಯಿಂದ ಸುತ್ತಿಕೊಂಡು. ದೂರದ ದಾರಿಯೇ ಬೇಕು, ಗಾಡಿಯನ್ನು ಕೂತು ಕೇಳಬೇಕು ಎಂದರು. ನಾನು ಬೀಗದ ಕೈ ಹಿಡಿದು ಅಂಗಳಕ್ಕೆ ಬಂದಾಗ ಗಿರಿಜಾ ಕೈ ಚಾಚಿದಳು. ಮದುವೆಗೆ ಮುಂಚೆಯೇ ಮಾವ ಅವಳಿಗೆ ಗಣಿಯ ದಾರಿಯಲ್ಲಿ ಜೀಪು ಕಲಿಸಿದ್ದರು. ನನಗೆ ಅದು ಗೊತ್ತಿತ್ತು, ಮರೆತಿದ್ದೆ. ಅವಳು ಡ್ರೈವರ್ ಸೀಟಿಗೆ ಹತ್ತಿದಳು. ಮಾವ ಪಕ್ಕದಲ್ಲಿ ಒಂದೇ ಹೆಜ್ಜೆಗೆ ಏರಿ ಕೂತರು. ನಾನು ಹಿಂದಕ್ಕೆ ಹೋಗಿ ಅಡ್ಡ ಸೀಟಿನಲ್ಲಿ ಕೂತೆ. ಹೆದ್ದಾರಿಯಲ್ಲಿ ಅವಳು ನಲವತ್ತೆಂಟರಲ್ಲಿ, ಎಡ ಪಕ್ಕವನ್ನು ಬಿಡದೆ, ಸ್ಟೇರಿಂಗನ್ನು ಹಗುರಾಗಿ ಹಿಡಿದು ಹೋದಳು. ಲಾರಿಗಳು ಒಂದೊಂದಾಗಿ ನಮ್ಮನ್ನು ದಾಟಿದವು. ಅವಳಿಗೆ ಯಾರನ್ನೂ ದಾಟಬೇಕೆಂದಿರಲಿಲ್ಲ. ಮಾವ ಒಂದು ಅಂಗೈಯನ್ನು ಮುಂದಿನ ತಗಡಿನ ಮೇಲಿಟ್ಟುಕೊಂಡು, "ಹಾಂ, ಹಿಂಗ. ಈಗ ಹೊಕ್ಕೈತಿ ನೋಡು" ಎನ್ನುತ್ತಿದ್ದರು. ಅಪ್ಪ ಮಗಳಿಬ್ಬರೂ ಯಶವಂತನಗರದ ಹಳೆಯ ಯಾವುದೋ ಮಾತು ತೆಗೆದು ನಕ್ಕರು. ಹಿಂದೆ ಕೂತವನಿಗೆ ಪೂರ್ತಿ ಕೇಳಿಸಲಿಲ್ಲ.

ಹೆದ್ದಾರಿ ಬಿಟ್ಟು ಬಂಡ್ರಿಯ ದಾರಿಗೆ ತಿರುಗಿದ ಮೇಲೆ ಗುಂಡಿಗಳು ಶುರುವಾದವು. ಜೀಪಿಗೆ ಬಹಳ ಖುಷಿಯಾದಂತೆ ಕಂಡಿತು. ಪ್ರತಿ ಗುಂಡಿಗೂ ನನ್ನ ತಲೆ ಮೇಲಿನ ಕಂಬಿಗೆ ತಾಗುತ್ತಿತ್ತು, ಕೂತ ಜಾಗ ಹಲಗೆಗೆ ಬಡಿಯುತ್ತಿತ್ತು. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಇದೇ ಸೀಟಿನಲ್ಲಿ ಗಿರಿಜಾ ನಾಲ್ಕು ವರ್ಷದಿಂದ ನನ್ನ ಹಿಂದೆ ಕೂತು ಬಂದಿದ್ದಳು ಎಂಬುದು ಮೂರನೆಯ ಗುಂಡಿಯಲ್ಲಿ ನೆನಪಾಯಿತು. ಆಗ ಮಾವ ಅರ್ಧ ಹಿಂದಕ್ಕೆ ತಿರುಗಿ ಕೇಳಿದರು: "ಮೇಷ್ಟ್ರ, ಹಿಂದ ಹೆಂಗೈತ್ರಿ? ಆರಾಮ?"

"ಮಸ್ತ್ ಐತ್ರಿ ಮಾವಾರ" ಎಂದೆ.

ಇನ್ನು ಮೇಲೆ ಅವರ ಮುಂದೆ ಸುಳ್ಳು ಹೇಳುವುದಿಲ್ಲ ಎಂದುಕೊಂಡು ಅಂದಿಗೆ ಸರಿಯಾಗಿ ನಾಲ್ಕು ದಿನವಾಗಿತ್ತು.